ಟಚ್‌ಪ್ಯಾಡ್ ಗುರುತಿಸದ ಬೆರಳು

ಮನವಿಪತ್ರ ಮೂರು ಪುಟಗಳಷ್ಟಿತ್ತು. ಅದನ್ನು ನಾನು ಯಾರ ಕೈಗೂ ಕೊಡಲಿಲ್ಲ ಎಂಬುದು ನೆನಪಾದಾಗಲೆಲ್ಲ ಈಗಲೂ ಎದೆ ಹಗುರಾಗುತ್ತದೆ. ‘ದುಡಿಯುವ ಬೆರಳುಗಳನ್ನು ಗುರುತಿಸಲು ನಿರಾಕರಿಸುವ ಯಂತ್ರಗಳ ಕುರಿತು’ ಎಂದು ವಿಷಯದ ಸಾಲಿನಲ್ಲಿ ಬರೆದಿದ್ದೆ. ಬರೆದಾಗ ಅದರ ಒಂದು ಅಕ್ಷರವೂ ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ.

ನಾನು ಓದಿದ ಶಾಲೆಯಲ್ಲಿ ಬೆಂಚುಗಳಿರಲಿಲ್ಲ. ಮಕ್ಕಳು, ಶಿಕ್ಷಕರು ಎಲ್ಲರೂ ಚಾಪೆಯ ಮೇಲೆ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಿದ್ದೆವು. ಕಂಡ ತಪ್ಪನ್ನು ಅದರ ಹೆಸರಿನಿಂದಲೇ ಕರೆಯಬೇಕು, ‘ಏನೋ ಸರಿಯಿಲ್ಲ’ ಎಂದು ಗೊಣಗಿ ಸುಮ್ಮನಾಗಬಾರದು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಆ ಪಾಠವನ್ನು ನಾನು ಪುತ್ತೂರಿನಲ್ಲಿ ನೆಲೆಸಿದ ಮೇಲೂ ಬಿಡಲಿಲ್ಲ. ಹೆಂಗಸರ ಕೂಲಿ, ಬಸ್ಸು ನಿಲ್ದಾಣದ ಶೌಚಾಲಯ, ಪಡಿತರದ ಅಂಗಡಿಯ ಸರತಿಯ ಸಾಲು, ಹೀಗೆ ಬರೆಯುತ್ತ ಹೋದ ಮನವಿಗಳ ಪ್ರತಿಗಳು ನನ್ನ ಮನೆಯ ಎರಡು ಕಪಾಟುಗಳನ್ನು ತುಂಬಿವೆ.

ಈ ಮನವಿ ಹುಟ್ಟಿದ್ದು ಕಡಬದಲ್ಲಿ. ಪೇಟೆಯಿಂದ ಸ್ವಲ್ಪ ಒಳಗೆ, ಕಟ್ಟಡವೊಂದರ ಮೇಲಂತಸ್ತಿನಲ್ಲಿ, ಕೆಲಸ ಹುಡುಕುತ್ತಿರುವ ಹೆಂಗಸರಿಗಾಗಿ ಒಂದು ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ತರಗತಿ ಬೇಕೆಂದು ಒತ್ತಾಯಿಸಿದವರಲ್ಲಿ ನಾನೂ ಒಬ್ಬಳಾದ್ದರಿಂದ ವಾರಕ್ಕೆ ಎರಡು ಬಾರಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದೆ. ಮೊದಲ ದಿನವೇ ನನ್ನ ಪುಸ್ತಕದಲ್ಲಿ ಟಿಪ್ಪಣಿಗಳು ಆರಂಭವಾದವು. ಹದಿನಾಲ್ಕು ಮಂದಿಗೆ ಆರು ಲ್ಯಾಪ್‌ಟಾಪ್. ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ. ಶೌಚಾಲಯದ ಬೀಗದಕೈ ಕೆಳಗಿನ ಅಂಗಡಿಯ ಗಂಡಸಿನ ಬಳಿ. ಆರು ಮೌಸ್‌ಗಳಿದ್ದವು, ಆದರೆ ‘ಹಾಳಾಗುತ್ತವೆ’ ಎಂಬ ಕಾರಣಕ್ಕೆ ಅವುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಕಲಿಯುವವರಿಗಾಗಿ ತಂದ ವಸ್ತುವನ್ನು ಕಲಿಯುವವರಿಂದಲೇ ರಕ್ಷಿಸುವ ಈ ಕ್ರಮವನ್ನು ನಾನು ಎರಡು ಗೆರೆ ಎಳೆದು ಗುರುತಿಸಿಕೊಂಡೆ.

ಆ ಹದಿನಾಲ್ಕು ಮಂದಿಯಲ್ಲಿ ಒಬ್ಬಾಕೆ ಕೋಡಿಂಬಾಳದ ತೋಟವೊಂದರಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಬೆಳಕು ಹರಿಯುವ ಮೊದಲೇ ಹಣೆಗೆ ಟಾರ್ಚ್ ಕಟ್ಟಿಕೊಂಡು ಹೋಗಿ ಮರದಿಂದ ಮರಕ್ಕೆ ತೊಗಟೆಯನ್ನು ಕೆತ್ತಿ, ರಬ್ಬರ್ ಹಾಲು ಇಳಿದ ಮೇಲೆ ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳಿಂದ ಬಕೆಟಿಗೆ ಸುರಿದು, ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಶೀಟ್ ಒತ್ತಿ, ಸ್ನಾನ ಮಾಡಿ ಹನ್ನೊಂದಕ್ಕೆ ತರಗತಿಗೆ ಬಂದು ಕೂರುತ್ತಿದ್ದರು. ವಯಸ್ಸು ಮೂವತ್ತಾರು. ಪಿಯುಸಿ ಮುಗಿಸಿದವರು. ಅವರ ಊರಿನ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯ ಹುದ್ದೆ ಖಾಲಿಯಾಗಿತ್ತು. ಅಂಕಪಟ್ಟಿಯ ಆಧಾರದಲ್ಲಿ ಇವರ ಹೆಸರು ಮೊದಲಿಗೇ ಬಂದಿತ್ತು. ಉಳಿದದ್ದು ಒಂದೇ ಹಂತ, ಪುತ್ತೂರಿನಲ್ಲಿ ನಡೆಯುವ ಕಂಪ್ಯೂಟರ್ ಪರೀಕ್ಷೆ. ಒಂದು ಕಡತವನ್ನು ತೆರೆಯಬೇಕು, ಹತ್ತು ಪುಸ್ತಕಗಳ ಹೆಸರನ್ನು ಪಟ್ಟಿಗೆ ಸೇರಿಸಬೇಕು, ಉಳಿಸಿ ಮುದ್ರಿಸಬೇಕು; ಇಷ್ಟೆಲ್ಲ ಇಪ್ಪತ್ತು ನಿಮಿಷಗಳಲ್ಲಿ. ಅಲ್ಲಿಯೂ ಮೌಸ್ ಇರುವುದಿಲ್ಲ ಎಂದು ಸೂಚನೆಯಲ್ಲಿತ್ತು. ಒಮ್ಮೆ ತಪ್ಪಿದರೆ ಹುದ್ದೆ ಪಟ್ಟಿಯ ಎರಡನೆಯವರ ಪಾಲು.

“ನಿಮಗೆ ಪುಸ್ತಕವೆಂದರೆ ತುಂಬಾ ಇಷ್ಟವೇ?” ಎಂದು ನಾನು ಒಮ್ಮೆ ಕೇಳಿದ್ದೆ.

“ಇಷ್ಟ ಉಂಟು ಅಕ್ಕ. ಆದ್ರೆ ನಿಜ ಹೇಳುದಾದ್ರೆ ಮೊದ್ಲು ಇಷ್ಟ ಆದದ್ದು ಕುರ್ಚಿ” ಎಂದು ಆಕೆ ನಕ್ಕಿದ್ದರು. “ಹದಿನೈದು ವರ್ಷದಿಂದ ನಿಂತೇ ಕೆಲಸ ನಂದು. ಅಲ್ಲಿ ಕುರ್ಚಿ ಉಂಟು, ಫ್ಯಾನ್ ಉಂಟು. ಬೆಳಿಗ್ಗೆ ಹತ್ತಕ್ಕೆ ಹೋದ್ರೆ ಸಾಕು. ಸೂರ್ಯ ಬಂದ ಮೇಲೆ ಏಳುದು ಹೇಗಿರ್ತದೆ ಅಂತ ಒಂದ್ಸಲ ನೋಡ್ಬೇಕು.”

ನಾನು ಎಲ್ಲರನ್ನೂ ‘ನೀವು’ ಎಂದೇ ಕರೆಯುತ್ತೇನೆ. ಅದು ನನ್ನ ನಿಯಮ. ಆಕೆಗೆ ಅದು ಕಸಿವಿಸಿ. “ನೀವು ನನ್ನನ್ನು ನೀವು ಅಂತ ಹೇಳ್ಬೇಡಿ ಅಕ್ಕ. ಹಿಂದೆ ಯಾರೋ ಬಂದು ನಿಂತಿದ್ದಾರಾ ಅಂತ ತಿರುಗಿ ನೋಡುವ ಹಾಗೆ ಆಗ್ತದೆ.”

ತರಗತಿಯಲ್ಲಿ ತೊಡಕು ಕಾಣಿಸಿಕೊಂಡದ್ದು ಮೊದಲ ವಾರದಲ್ಲೇ. ಉಳಿದವರ ಬೆರಳಿನ ಹಿಂದೆ ಪರದೆಯ ಮೇಲಿನ ಬಾಣ ಸಲೀಸಾಗಿ ಓಡುತ್ತಿತ್ತು. ಕೀಲಿಗಳ ಕೆಳಗಿನ ಟಚ್‌ಪ್ಯಾಡಿನ ಮೇಲೆ ಈಕೆ ತೋರುಬೆರಳಿಟ್ಟರೆ ಬಾಣ ಒಮ್ಮೆ ನಡುಗಿ ಅಲ್ಲೇ ನಿಲ್ಲುತ್ತಿತ್ತು. ಆಕೆ ಒತ್ತಿದರು. ಇನ್ನೂ ಬಲವಾಗಿ ಒತ್ತಿದರು. ಶೀಟ್ ಒತ್ತುವ ಯಂತ್ರದ ಹಿಡಿಯನ್ನು ತಿರುಗಿಸಿ ಅಭ್ಯಾಸವಾದ ತೋಳು ಅದು. ಲ್ಯಾಪ್‌ಟಾಪ್ ಮೇಜಿನ ಮೇಲೆ ಕಿರುಗುಟ್ಟಿತು. ಬಾಣ ಕದಲಲಿಲ್ಲ. ಬೇರೆ ಲ್ಯಾಪ್‌ಟಾಪಿಗೆ ಹೋಗಿ ಕುಳಿತರು. ಅಲ್ಲಿಯೂ ಅದೇ ಕಥೆ.

ತರಬೇತಿ ನೀಡುವವರು ಬಂದು ನೋಡಿದರು. ಕೆಟ್ಟವರಲ್ಲ; ಆದರೆ ಅವಸರದವರು. “ತೋರುಬೆರಳಿನ ತುದಿಯನ್ನು ಮಾತ್ರ ಇಡಬೇಕು, ಅದೇ ಕ್ರಮ” ಎಂದು ತಮ್ಮ ಬೆರಳಿಟ್ಟು ತೋರಿಸಿದರು. ಬಾಣ ಓಡಿತು. ಆಕೆ ಇಟ್ಟರು. ಓಡಲಿಲ್ಲ.

“ಲ್ಯಾಪ್‌ಟಾಪ್ ಸರಿ ಉಂಟು. ನಿಮ್ಮ ಬೆರಳೇ ಸರಿ ಇಲ್ಲ” ಎಂದು ಅವರು ಮುಂದಿನ ಮೇಜಿಗೆ ಹೋದರು.

ಆ ಮಾತು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಆಕೆ ತಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

ನನ್ನ ಸಿಟ್ಟಿಗೆ ಒಂದು ಪೂರ್ವಕಥೆಯಿತ್ತು. ಪಡಿತರದ ಅಂಗಡಿಯಲ್ಲಿ ಹೆಬ್ಬೆರಳು ಒತ್ತುವ ಯಂತ್ರ ಬಂದಾಗ, ಬೀಡಿ ಕಟ್ಟುವ, ಅಡಿಕೆ ಸುಲಿಯುವ, ಪಾತ್ರೆ ತೊಳೆಯುವ ಹೆಂಗಸರ ಬೆರಳಚ್ಚು ಅದಕ್ಕೆ ಹೊಂದಿಕೆಯಾಗದೆ ಅವರು ಅಕ್ಕಿಯಿಲ್ಲದೆ ಹಿಂದಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸವೆದ ಗೆರೆಗಳನ್ನು ಆ ಯಂತ್ರ ಓದಲಾರದು. ದುಡಿದ ಕಾರಣಕ್ಕೆ ಬೆರಳು ಸವೆಯುತ್ತದೆ, ಸವೆದ ಕಾರಣಕ್ಕೆ ಊಟ ತಪ್ಪುತ್ತದೆ; ಇದಕ್ಕಿಂತ ನೇರವಾದ ಅನ್ಯಾಯ ಇನ್ನೊಂದಿಲ್ಲ ಎಂದು ಆಗ ಬರೆದಿದ್ದೆ. ಈಗ ಟಚ್‌ಪ್ಯಾಡೂ ಅದೇ ಜಾತಿಯದೆಂದು ತೀರ್ಮಾನಿಸಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಅದರ ಒಳಗೂ ಎಲ್ಲೋ ಒಂದು ಸಣ್ಣ ಕಣ್ಣಿರಬೇಕು, ಅದು ಬೆರಳಿನ ಗೆರೆಗಳನ್ನು ಹುಡುಕುತ್ತಿರಬೇಕು, ಮೃದುವಾದ ಕಚೇರಿ ಬೆರಳಿಗೆ ಮಾತ್ರ ಅದು ಬಾಗಿಲು ತೆರೆಯುತ್ತಿರಬೇಕು. ಯಾರನ್ನೂ ಕೇಳದೆ ಇಷ್ಟನ್ನೂ ನಂಬಿದೆ.

ಅಂದೇ ಆಕೆಯ ಕೈಗಳನ್ನು ಬೆಳಕಿಗೆ ಹಿಡಿಸಿ ಫೋಟೋ ತೆಗೆದೆ. ಬೆರಳ ತುದಿಗಳು ಬೂದು ಬಣ್ಣಕ್ಕೆ ತಿರುಗಿ ಒಂದು ಬಗೆಯ ಹೊಳಪಿನಿಂದ ಕೂಡಿದ್ದವು. ‘ದಪ್ಪಗಟ್ಟಿದ ಚರ್ಮ’ ಎಂದು ಚಿತ್ರದ ಕೆಳಗೆ ಬರೆದುಕೊಂಡೆ. ಮನೆಗೆ ಬಂದು ಮನವಿಯನ್ನು ಸಿದ್ಧಪಡಿಸಿದೆ. ಪರೀಕ್ಷೆ ಸೋಮವಾರ. ಅದಕ್ಕೂ ಮೊದಲಿನ ಶುಕ್ರವಾರ ಹದಿನಾಲ್ಕು ಮಂದಿಯೂ ಪರೀಕ್ಷೆ ನಡೆಸುವ ಕಚೇರಿಯ ಎದುರು ಕೈಗಳನ್ನು ಮೇಲೆತ್ತಿ ನಿಲ್ಲುವುದು, ಪತ್ರಿಕೆಯವರನ್ನು ಕರೆಯುವುದು, ಪರೀಕ್ಷೆಯನ್ನು ಮುಂದೂಡಬೇಕೆಂದು ಒತ್ತಾಯಿಸುವುದು ನನ್ನ ಯೋಜನೆಯಾಗಿತ್ತು. ಮುಂಚೂಣಿಯಲ್ಲಿ ಈಕೆ ನಿಲ್ಲಬೇಕಿತ್ತು.

ಇದನ್ನು ಆಕೆಗೆ ಫೋನಿನಲ್ಲಿ ತಿಳಿಸಿದೆ.

“ಅಕ್ಕ, ಮನವಿ ತಗೊಳ್ಳುವವರೇ ಪರೀಕ್ಷೆ ಮಾಡ್ಲಿಕ್ಕೂ ಕೂತುಕೊಳ್ಳುದಲ್ವಾ?”

“ಕೂತುಕೊಳ್ಳಲಿ. ನಾವು ಭಿಕ್ಷೆ ಬೇಡುತ್ತಿಲ್ಲ, ಹಕ್ಕು ಕೇಳುತ್ತಿದ್ದೇವೆ.”

“ಹಾಂ, ಅದು ಸರಿ. ಪರೀಕ್ಷೆ ಮುಂದೆ ಹೋದ್ರೆ ಅವರು ಎರಡನೆಯವರನ್ನು ತಗೊಳ್ಳುದಿಲ್ಲ ಅಂತ ಉಂಟಾ?”

ಗೊತ್ತಿಲ್ಲವೆಂದು ಹೇಳುವ ಬದಲು ಧೈರ್ಯದ ನಾಲ್ಕು ಮಾತು ಹೇಳಿದೆ. ಇತರರ ತಪ್ಪುಗಳನ್ನು ಪಟ್ಟಿಮಾಡುವವಳು ಇದನ್ನೂ ಪಟ್ಟಿಗೆ ಸೇರಿಸಬೇಕು: ಹುದ್ದೆ ಆಕೆಯದು, ನಷ್ಟವಾದರೆ ಅದೂ ಆಕೆಯದು, ತೀರ್ಮಾನ ಮಾತ್ರ ನನ್ನದಾಗಿತ್ತು.

ಮನವಿಯನ್ನು ಮುದ್ರಿಸಲು ಒಂದು ಅಡ್ಡಿಯಿತ್ತು. ಅದನ್ನು ಟೈಪ್ ಮಾಡಿದ್ದ ನನ್ನ ಲ್ಯಾಪ್‌ಟಾಪ್ ಮರುದಿನವೇ ಕೈಕೊಟ್ಟಿತು. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದು, ಒತ್ತಿದರೂ ಒತ್ತಲಾಗದಂತೆ ಬಿಗಿಯಾಗಿತ್ತು. ಕುಂಬ್ರದಲ್ಲಿ ರಿಪೇರಿ ಅಂಗಡಿ ಇಟ್ಟಿರುವವರೊಬ್ಬರಿಗೆ ಅದನ್ನು ಕೊಟ್ಟಿದ್ದೆ. ಬ್ಯಾರಿ ಸಮುದಾಯದ ಹಿರಿಯರು. ಗಲ್ಫಿನಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಗುರುವಾರ ಅದನ್ನು ತರಲು ಹೊರಟಾಗ, ಮನವಿಗೆ ಸಹಿ ಹಾಕಲೆಂದು ಪುತ್ತೂರಿಗೆ ಬಂದಿದ್ದ ಆಕೆಯನ್ನೂ ಜೊತೆಗೆ ಕರೆದುಕೊಂಡೆ. ದಾರಿಯಲ್ಲಿ ಆಕೆ ಮನೆಗೆಂದು ಒಂದು ಕಿಲೋ ಮುಳ್ಳುಸೌತೆ ಕೊಂಡರು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಿದ್ದರು.

ಅಂಗಡಿಯಲ್ಲಿ ನನ್ನ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿ ಮಲಗಿತ್ತು.

“ಇನ್ನೂ ಅರ್ಧ ಗಂಟೆ ಉಂಟು ಮೇಡಂ” ಎಂದರು ಅಂಗಡಿಯವರು. “ನಿಮ್ಮ ಬ್ಯಾಟರಿ ಉಬ್ಬಿ ಹಪ್ಪಳ ಆಗಿದೆ. ಅದು ಅಡಿಯಿಂದ ಇದನ್ನು ಮೇಲೆ ದೂಡಿದ್ದು. ಕೂತ್ಕೊಳ್ಳಿ, ಹೊಸದು ಹಾಕಿ ಕೊಡ್ತೇನೆ.”

ಅವರು ‘ಇದನ್ನು’ ಎಂದು ಎತ್ತಿ ತೋರಿಸಿದ್ದು ಟಚ್‌ಪ್ಯಾಡನ್ನು. ಅದನ್ನು ಬಿಡಿಯಾಗಿ ನಾನು ಎಂದೂ ನೋಡಿರಲಿಲ್ಲ. ಅಂಗೈಯಗಲದ ತೆಳ್ಳನೆಯ ಹಲಗೆ. ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದೆ.

“ಇದರ ಕಣ್ಣು ಎಲ್ಲಿದೆ?”

“ಎಂತ ಕಣ್ಣು?”

“ಬೆರಳಿನ ಗೆರೆಗಳನ್ನು ಓದುವ ಕಣ್ಣು.”

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. “ಇದಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ ಮಾರಾಯ್ರೆ. ಅದು ರೇಷನ್ ಅಂಗಡಿದು, ಬೇರೆ. ಇದಕ್ಕೆ ನೀವು ಯಾರು ಅಂತ ಗೊತ್ತಾಗ್ಬೇಕು ಅಂತ ಇಲ್ಲ. ಬೆರಳು ಎಲ್ಲಿ ಉಂಟು ಅಂತ ಗೊತ್ತಾದ್ರೆ ಸಾಕು.”

ನಾನು ಮನವಿಯ ವಿಷಯವನ್ನು ಹೇಳಿದೆ. ನನ್ನ ಪಕ್ಕದಲ್ಲಿ ಆಕೆ ಇನ್ನಷ್ಟು ಮುದುಡಿ ಕುಳಿತರು. ಅಂಗಡಿಯವರು ಪೂರ್ತಿ ಕೇಳಿ, ಗಡ್ಡ ನೀವಿಕೊಂಡು, ಹಳೆಯ ಟಚ್‌ಪ್ಯಾಡೊಂದನ್ನು ಡಬ್ಬಿಯಿಂದ ತೆಗೆದು ಅದರ ಮೇಲ್ಪದರವನ್ನು ಚಾಕುವಿನಿಂದ ಎಬ್ಬಿಸಿದರು. ಒಳಗೆ ಕೂದಲಿನಷ್ಟು ಸಪೂರವಾದ ತಾಮ್ರದ ಗೆರೆಗಳು, ಕೆಲವು ಅಡ್ಡಕ್ಕೆ, ಕೆಲವು ಉದ್ದಕ್ಕೆ, ಬೆತ್ತದ ಕುರ್ಚಿಯ ಹೆಣಿಗೆಯಂತೆ ಹಬ್ಬಿದ್ದವು. ಅಡ್ಡಗೆರೆ ಉದ್ದಗೆರೆಗೆ ಎಲ್ಲಿಯೂ ತಾಗುವುದಿಲ್ಲವಂತೆ. ನಡುವೆ ಒಂದು ಪೊರೆ. ಅಡ್ಡಗೆರೆಗಳಲ್ಲಿ ಒಂದಾದ ಮೇಲೊಂದರಂತೆ ತೀರ ಅಲ್ಪ ಪ್ರಮಾಣದ ವಿದ್ಯುತ್ತನ್ನು ಬಿಡುತ್ತಾರೆ. ಗೆರೆಗಳು ತಾಗದಿದ್ದರೂ ಅದರ ಸೆಳೆತ ಉದ್ದಗೆರೆಗೆ ತಿಳಿಯುತ್ತದೆ. ಅಷ್ಟರಲ್ಲಿ ಮೇಲಿಂದ ಒಂದು ಬೆರಳು ಬಂತೆನ್ನಿ. ಮನುಷ್ಯನ ಬೆರಳೆಂದರೆ ಉಪ್ಪುನೀರು ತುಂಬಿದ ಚೀಲ. ಆ ಸೆಳೆತದಲ್ಲಿ ಒಂದು ಪಾಲನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ. ಯಾವ ಗೆರೆ ಯಾವ ಗೆರೆಯನ್ನು ದಾಟುವಲ್ಲಿ ಎಷ್ಟು ಕಡಿಮೆಯಾಯಿತೆಂಬುದನ್ನು ಹಿಂಬದಿಯ ಸಣ್ಣ ಚಿಪ್ ಲೆಕ್ಕ ಹಾಕಿ, ಬೆರಳು ಇಲ್ಲಿದೆ ಎಂದು ಹೇಳುತ್ತದೆ. ಒಂದು ಸೆಕೆಂಡಿನೊಳಗೆ ಹತ್ತಾರು ಬಾರಿ ಹೀಗೆ ನೋಡಿ ಮುಗಿಸುತ್ತದೆ.

“ಹಾಗಾದರೆ ಒತ್ತುವುದು?”

“ಬಾಣ ಓಡಿಸ್ಲಿಕ್ಕೆ ಒತ್ತುದು ಬೇಡವೇ ಬೇಡ. ಜೋರು ಒತ್ತಿದ್ರೆ ಬೆರಳು ಚಪ್ಪಟೆ ಆಗಿ ಅಗಲ ಆಗ್ತದೆ. ಆಗ ಅದು, ಇದು ಬೆರಳಲ್ಲ, ಟೈಪ್ ಮಾಡುವಾಗ ತಾಗಿದ ಅಂಗೈ ಅಂತ ಬಿಟ್ಟು ಬಿಡ್ತದೆ.” ಅವರು ಆಕೆಯ ಕಡೆ ತಿರುಗಿದರು. “ಅಕ್ಕ, ಆ ಚೀಲದಲ್ಲಿ ಎಂತ ಉಂಟು?”

“ಮುಳ್ಳುಸೌತೆ.”

“ಒಂದು ಕೊಡಿ.”

ಮೇಜಿನ ಮೇಲೆ ರಿಪೇರಿಯಾಗಿ ಓಡುತ್ತಿದ್ದ ಇನ್ನೊಂದು ಲ್ಯಾಪ್‌ಟಾಪನ್ನು ನಮ್ಮತ್ತ ತಿರುಗಿಸಿ, ಅವರು ಪೆನ್ನಿನ ಪ್ಲಾಸ್ಟಿಕ್ ಮುಚ್ಚಳದಿಂದ ಟಚ್‌ಪ್ಯಾಡನ್ನು ಉಜ್ಜಿದರು. ಬಾಣ ನಿಂತಲ್ಲೇ ಇತ್ತು. ಗಲ್ಲಾದ ಬಳಿಯ ಒಣ ಅಡಿಕೆಯೊಂದನ್ನು ತೆಗೆದು ಉಜ್ಜಿದರು. ಏನೂ ಆಗಲಿಲ್ಲ. ಬಳಿಕ ಸೌತೆಯ ತುದಿಯನ್ನು ಕತ್ತರಿಸಿ, ಒದ್ದೆಯನ್ನು ಒರೆಸಿ, ಕೈಯಲ್ಲಿ ಹಿಡಿದು ಟಚ್‌ಪ್ಯಾಡಿನ ಮೇಲೆ ಎಳೆದರು. ಬಾಣ ಸೌತೆಯ ಹಿಂದೆ ಓಡಿತು.

“ನೋಡಿ ಮೇಡಂ. ಈ ಸೌತೆಗೆ ಕಚೇರಿ ಕೆಲಸ ಉಂಟಾ? ಗೆರೆ ಉಂಟಾ? ನೀರು ಉಂಟು, ಅಷ್ಟೇ.”

ಮನವಿಯ ಎರಡನೇ ಪುಟ ನನ್ನ ಕಣ್ಣ ಮುಂದೆ ಬಂತು. ಅದರಲ್ಲಿ ‘ಬೆರಳಚ್ಚು’ ಎಂಬ ಪದ ಎಷ್ಟು ಸಲ ಬಂದಿತ್ತೋ.

“ಹಾಗಾದ್ರೆ ನನ್ನ ಬೆರಳಿನಲ್ಲಿ ನೀರು ಇಲ್ವಾ?” ಎಂದು ಆಕೆ ಕೇಳಿದರು. ಅಂದು ಅವರು ತಾವಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ದನಿಯಲ್ಲಿ ನಗುವಿರಲಿಲ್ಲ. ಸೌತೆಕಾಯಿಗೂ ಒಲಿದ ವಸ್ತು ತಮಗೆ ಒಲಿಯಲಿಲ್ಲವೆಂಬುದು ತರಬೇತಿಯವರ ಮಾತಿಗಿಂತ ಹೆಚ್ಚು ಚುಚ್ಚಿತ್ತೆಂದು ಮುಖ ಹೇಳುತ್ತಿತ್ತು.

“ಇಟ್ಟು ನೋಡಿ.”

ಆಕೆ ತೋರುಬೆರಳಿಟ್ಟರು. ಬಾಣ ನಡುಗಿ ನಿಂತಿತು.

ಅಂಗಡಿಯವರ ಹುಬ್ಬು ಗಂಟಾಯಿತು. “ಫೋನ್ ಉಂಟಲ್ಲ ನಿಮ್ಮ ಹತ್ರ? ಅದೂ ಹೀಗೆಯೇ ಕೆಲಸ ಮಾಡುದು. ಅದು ಹೇಗೆ ನಡೀತದೆ?”

“ಅದು ನಡೀತದೆ.” ಆಕೆ ಫೋನ್ ತೆಗೆದು, ಬೆರಳನ್ನು ಮಡಚಿ, ಗೆಣ್ಣಿನಿಂದ ಪರದೆಯನ್ನು ಸರಿಸಿ ತೋರಿಸಿದರು. ಅದು ಎಷ್ಟು ಸಹಜವಾಗಿತ್ತೆಂದರೆ, ಇಷ್ಟು ದಿನ ಅವರೊಂದಿಗೆ ತರಗತಿಯಲ್ಲಿ ಕುಳಿತೂ ನಾನು ಅದನ್ನು ಗಮನಿಸಿರಲಿಲ್ಲ. “ಟ್ಯಾಪಿಂಗಿನವರೆಲ್ಲ ಹೀಗೆಯೇ ಮಾಡುದು. ಬೆರಳು ತಗೊಳ್ಳುದಿಲ್ಲ ಅಲ್ವಾ.”

“ಲ್ಯಾಪ್‌ಟಾಪಿನಲ್ಲಿ ಯಾಕೆ ಹಾಗೆ ಮಾಡ್ಲಿಲ್ಲ?”

“ಸರ್ ತುದಿಯಲ್ಲೇ ಇಡ್ಬೇಕು ಹೇಳಿದ್ರು. ತರಗತಿಯಲ್ಲಿ ಗೆಣ್ಣು ಕುಟ್ಟುದು ಚಂದ ಕಾಣುದಿಲ್ಲ ಅಂತ ನಾನೂ ಬಿಟ್ಟೆ.”

“ಚಂದ ಅತ್ಲಾಗಿರ್ಲಿ, ಇಡಿ ಮಾರಾಯ್ರೆ!”

ಆಕೆ ಗೆಣ್ಣಿಟ್ಟರು. ಬಾಣ ಪರದೆಯ ಈ ಅಂಚಿನಿಂದ ಆ ಅಂಚಿಗೆ ಒಂದೇ ಓಟ ಓಡಿತು. ಆಕೆ ಬೆಚ್ಚಿ ಕೈ ಹಿಂದಕ್ಕೆ ತೆಗೆದರು. ಮತ್ತೆ ಇಟ್ಟರು. ಮತ್ತೆ ಓಡಿತು. ಅಂಗಡಿಯವರು ಅವರ ಬೆರಳನ್ನು ಮೇಜಿನ ದೀಪದ ಕೆಳಗೆ ಇಡಲು ಹೇಳಿ, ಮುಟ್ಟದೆ ಬಾಗಿ ನೋಡಿದರು.

“ಇದೆಂತ ಅಕ್ಕ? ಬೆರಳಿಗೆ ಅಂಗಿ ಹೊಲಿಸಿದ್ದೀರಾ?”

“ಅದಾ? ಅದು ಹಾಲು” ಎಂದರು ಆಕೆ, ಅದರಲ್ಲಿ ಕೇಳುವಂಥದ್ದೇನೂ ಇಲ್ಲವೆಂಬಂತೆ.

ಆಗ ತಿಳಿದದ್ದು ಇಷ್ಟು. ಆಸಿಡ್ಡಿನಿಂದಲೂ ಚಳಿಗಾಲದ ಬೆಳಗಿನ ಗಾಳಿಯಿಂದಲೂ ಟ್ಯಾಪಿಂಗಿನವರ ಬೆರಳ ತುದಿಗಳು ಸೀಳುತ್ತವೆ. ಸೀಳಿನೊಳಕ್ಕೆ ಆಸಿಡ್ ಇಳಿದರೆ ಕತ್ತಿ ಹಿಡಿಯಲಾಗದಷ್ಟು ಉರಿ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಗೆರಟೆಯ ಹಾಲನ್ನೇ ಬೆರಳಿಗೆ ಸವರಿಕೊಂಡು ಒಣಗಲು ಬಿಡುವುದು. ಒಣಗಿದ ಹಾಲು ರಬ್ಬರಿನ ಪೊರೆಯಾಗಿ ಸೀಳನ್ನು ಮುಚ್ಚುತ್ತದೆ. ಪೊರೆ ಹರಿದಲ್ಲಿ ಮರುದಿನ ಮತ್ತೆ ಸವರುತ್ತಾರೆ. ತರಗತಿ ಆರಂಭವಾದ ಮೇಲೆ ಈಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು.

“ಸೀಳಿದ ಬೆರಳು ಕಂಪ್ಯೂಟರಿಗೆ ತಾಗ್ಬಾರ್ದು, ಚಂದ ನಯವಾಗಿ ಇರ್ಬೇಕು ಅಂತ ದಿನಾ ಎರಡೆರಡು ಸಲ ಹಾಕ್ತಿದ್ದೆ. ಸರ್ ಹಾಗೆ ಹೇಳಿದ ಮೇಲೆ ಮೂರು ಸಲ.”

ಅಂಗಡಿಯವರು ಮೇಜಿಗೆ ಕೈಯೂರಿ ನಗತೊಡಗಿದರು. “ಇದರ ಮೇಲಿನ ಗಾಜಿನ ಪದರಕ್ಕಿಂತ ನಿಮ್ಮ ರಬ್ಬರೇ ದಪ್ಪ ಉಂಟಲ್ಲ ಅಕ್ಕ! ಕರೆಂಟಿನವರು ಕಂಬ ಹತ್ತುವಾಗ ಹಾಕುವ ಗ್ಲೌಸ್ ಹಾಕಿ ಕೂತಿದ್ದೀರಿ ನೀವು. ಅದು ಪಾಪ ಎಲ್ಲಿಂದ ಹುಡುಕುದು ನಿಮ್ಮನ್ನು?”

ಆಕೆ ಉಗುರಿನ ಪಕ್ಕದಿಂದ ಪೊರೆಯ ಅಂಚನ್ನು ಎಬ್ಬಿಸಿ ಮೆಲ್ಲನೆ ಸುಲಿದರು. ಬೆರಳ ತುದಿಯ ಆಕಾರದಲ್ಲೇ ಒಂದು ಪುಟ್ಟ ಟೋಪಿ ಕಳಚಿ ಬಂತು. ಬೆಳಕಿಗೆ ಹಿಡಿದರೆ ಅದರ ಒಳಮೈಯಲ್ಲಿ ಬೆರಳಿನ ಗೆರೆಗಳೆಲ್ಲ ಅಚ್ಚೊತ್ತಿದ್ದವು. ಅಡಿಯಲ್ಲಿದ್ದ ಚರ್ಮ ಬಿಳಿಚಿಕೊಂಡು, ನಡುವೆ ಎರಡು ಕೆಂಪು ಸೀಳುಗಳು. ನಾನು ‘ದಪ್ಪಗಟ್ಟಿದ ಚರ್ಮ’ ಎಂದು ಬರೆದಿದ್ದದ್ದು ಈ ಟೋಪಿಯನ್ನು.

ಬೆರಳಿಟ್ಟರು. ಒತ್ತಲಿಲ್ಲ. ಬಾಣ ಹೊರಟಿತು, ತಿರುಗಿತು, ಹೇಳಿದಲ್ಲಿ ನಿಂತಿತು.

“ಹೋಯ್, ನೋಡಿ ಅಕ್ಕ! ಬರ್ತಾ ಉಂಟು!” ಎಂದು ಆಕೆ ಕೂಗಿದರು. ಉರಿಗೆ ಕಣ್ಣಂಚು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. ನನಗಾದದ್ದು ಸೋಲಿನ ಬೇಸರವಲ್ಲ. ಯಂತ್ರವೊಂದು ಒಂದು ವರ್ಗದ ಜನರನ್ನು ಮನುಷ್ಯರೆಂದೇ ಪರಿಗಣಿಸುವುದಿಲ್ಲವೆಂದು ಹತ್ತು ದಿನ ನಂಬಿದ್ದೆ. ಅದು ನಿಜವಲ್ಲವೆಂದು ತಿಳಿದಾಗ ಆಗುವ ಬಿಡುಗಡೆಯನ್ನು ಆ ನಂಬಿಕೆಯ ಭಾರ ಹೊತ್ತವರೇ ಬಲ್ಲರು.

ಆದರೂ ಎಲ್ಲವೂ ಅಲ್ಲಿಗೆ ಸರಿಹೋಗಲಿಲ್ಲ. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಪೊರೆ ತೆಗೆದು ಟ್ಯಾಪಿಂಗಿಗೆ ಹೋದರೆ ಸೀಳುಗಳು ಬಾಯಿ ತೆರೆಯುತ್ತವೆ. ಪೊರೆ ಇಟ್ಟುಕೊಂಡರೆ ಕಂಪ್ಯೂಟರಿನ ಅಭ್ಯಾಸ ಆಗದು. ರಜೆ ಕೇಳಿ ಎಂದೆ. “ರಜೆ ಹಾಕಿದ್ರೆ ಮರ ಬೇರೆಯವರಿಗೆ ಹೋಗ್ತದೆ ಅಕ್ಕ, ಕೆಲಸ ಇನ್ನೂ ಸಿಕ್ಕಿದ್ದಲ್ಲ” ಎಂದರು. ಗ್ಲೌಸ್ ಕೊಡುವುದು ತೋಟದ ಯಜಮಾನರ ಹೊಣೆ ಎಂದೆ. ನನ್ನನ್ನು ಕರುಣೆಯಿಂದ ನೋಡಿದರು. ಸ್ವಲ್ಪ ಹೊತ್ತು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಕಾಣದ ಕತ್ತಿಯೊಂದನ್ನು ಹಿಡಿದು ಕಾಣದ ಮರವೊಂದನ್ನು ಕೆತ್ತಿ ನೋಡಿದರು.

“ಉಂಗುರದ ಬೆರಳಿಗೆ ಕೆಲಸ ಕಡಿಮೆ” ಎಂದರು ಕೊನೆಗೆ. “ಕತ್ತಿಗೆ ಅದು ಸುಮ್ಮನೆ ತಾಗಿ ಕೂತಿರುದು, ಅಷ್ಟೇ. ಅದರಲ್ಲಿ ಸೀಳೂ ಇಲ್ಲ. ಇನ್ನು ಅದಕ್ಕೆ ಹಾಲು ಹಾಕುದಿಲ್ಲ. ಬಾಣ ಅದರಲ್ಲಿಯೇ ಓಡಿಸ್ತೇನೆ. ಆಗ್ಬಹುದಾ?”

“ಟಚ್‌ಪ್ಯಾಡಿಗೆ ಯಾವ ಬೆರಳಾದ್ರೂ ಒಂದೇ” ಎಂದರು ಅಂಗಡಿಯವರು. “ಸೌತೆಗೇ ಆಗ್ತದೆ.”

ನನ್ನ ಲ್ಯಾಪ್‌ಟಾಪ್ ಸಿದ್ಧವಾಯಿತು. ಆಕೆ ಅಲ್ಲಿಯೇ ಅದನ್ನು ತೆರೆದು, ಉಂಗುರದ ಬೆರಳಿನ ಪೊರೆಯನ್ನೂ ಸುಲಿದು, ಅದರಿಂದ ಬಾಣವನ್ನು ಸರಿಸಿ, ನನ್ನ ಮನವಿಯ ಕಡತವನ್ನು ಹುಡುಕಿ ತೆಗೆದರು. ಪರದೆಯ ಮೇಲೆ ಮೊದಲ ಪುಟವನ್ನು ಓದಿದರು.

“ಚಂದ ಬರ್ದಿದ್ದೀರಿ” ಎಂದರು. “ಆದ್ರೆ ಇದರಲ್ಲಿ ನನ್ನ ಬೆರಳು ಇಲ್ಲ ಅಕ್ಕ.”

“ಇಲ್ಲ” ಎಂದು ಒಪ್ಪಿಕೊಂಡೆ. “ನಾಳೆ ಯಾರೂ ಕಚೇರಿಗೆ ಹೋಗುವುದಿಲ್ಲ. ನಿಮ್ಮನ್ನು ಕೇಳದೆ ತೀರ್ಮಾನ ಮಾಡಿದ್ದು ನನ್ನ ತಪ್ಪು.”

“ಅಯ್ಯೋ, ತಪ್ಪು ಗಿಪ್ಪು ಎಂತ ದೊಡ್ಡ ಮಾತು. ಬಸ್ಸು ಬಂತು, ಬನ್ನಿ.” ಮನವಿಗೆ ಹೆದರಿ ಆಕೆ ಮೂರು ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ಪುತ್ತೂರಿನಲ್ಲಿ ಇಳಿಯುವಾಗ ಹೇಳಿದರು, ಯಂತ್ರಕ್ಕಿಂತ ನನಗೇ ಹೆಚ್ಚು ಹೆದರಿದ್ದರಂತೆ.

ನಾನು ಟಿಪ್ಪಣಿ ಪುಸ್ತಕವನ್ನು ಎಸೆದೆನೆಂದು ಯಾರೂ ಭಾವಿಸಬಾರದು. ಬೀಗದೊಳಗಿನ ಆರು ಮೌಸ್‌ಗಳು ತಪ್ಪೇ. ‘ನಿಮ್ಮ ಬೆರಳೇ ಸರಿ ಇಲ್ಲ’ ಎಂದು ಹದಿಮೂರು ಮಂದಿಯ ಎದುರು ಹೇಳಿದ್ದು ತಪ್ಪು. ಬೆರಳು ಸೀಳುವ ಕೆಲಸಕ್ಕೆ ಗ್ಲೌಸ್ ಕೊಡದಿರುವುದು ತಪ್ಪು. ಆಸಿಡ್ಡಿನ ಗಾಯಕ್ಕೆ ಮರದ ಹಾಲೇ ಮದ್ದಾಗಬೇಕಾದ ಸ್ಥಿತಿ ಅದಕ್ಕಿಂತ ದೊಡ್ಡ ತಪ್ಪು. ಇವೆಲ್ಲ ಟಚ್‌ಪ್ಯಾಡಿನ ತಪ್ಪುಗಳಲ್ಲ, ನಮ್ಮವು. ಪರೀಕ್ಷೆ ಮುಗಿದ ಬಳಿಕ, ಹದಿನಾಲ್ಕು ಮಂದಿಯನ್ನೂ ಕೇಳಿ, ಅವರು ಹೇಳಿದ್ದನ್ನಷ್ಟೇ ಅರ್ಧ ಪುಟದಲ್ಲಿ ಬರೆದು ತರಬೇತಿ ಕೇಂದ್ರಕ್ಕೆ ಕೊಟ್ಟೆ. ಮೌಸ್‌ಗಳು ಮರುವಾರವೇ ಹೊರಬಂದವು. ಶೌಚಾಲಯದ ಬೀಗದಕೈ ಇನ್ನೂ ಕೆಳಗಿನ ಅಂಗಡಿಯಲ್ಲೇ ಇದೆ.

ಸೋಮವಾರ ಪುತ್ತೂರಿನ ಪರೀಕ್ಷಾ ಕೋಣೆಯ ಹೊರಗಿನ ಜಗಲಿಯಲ್ಲಿ ನಾನು ಕಾದು ನಿಂತೆ. ಒಳಗೆ ಹೋಗುವ ಮುನ್ನ ಆಕೆ ನಳ್ಳಿಯಲ್ಲಿ ಕೈ ತೊಳೆದು, ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಉಂಗುರದ ಬೆರಳನ್ನು ಎರಡು ಸಲ. ಇಪ್ಪತ್ತು ನಿಮಿಷ ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಆಕೆ ಇಷ್ಟು ಬೇಗ ಹೊರಬಂದದ್ದನ್ನು ಕಂಡು ಅವರತ್ತ ಓಡಿದೆ.

“ಎಂತ ಆಯ್ತು?” ಎಂದೆ. ಆತಂಕದಲ್ಲಿ ನನ್ನ ನಾಲಗೆಯೂ ಈ ಊರಿನದಾಗಿತ್ತು.

“ಎಂತ ಆಗುದು? ಮುಗೀತು. ಒಂದು ಪುಸ್ತಕದ ಹೆಸರು ಎರಡು ಸಲ ಹಾಕಿದ್ದೆ, ಅದನ್ನು ಅಳಿಸಿಯೂ ಬಂದೆ.” ಬಳಿಕ ದನಿ ತಗ್ಗಿಸಿದರು. “ಅಲ್ಲಿ ಕೂತಿದ್ದ ಮೇಡಂ ಕೇಳಿದ್ರು, ಯಾಕಮ್ಮ ಉಂಗುರದ ಬೆರಳಲ್ಲಿ ಮಾಡುದು ಅಂತ. ನನ್ನದು ಹೀಗೆಯೇ ಅಭ್ಯಾಸ ಮೇಡಂ ಅಂದೆ. ಅವರು ತಾವೂ ಒಂದ್ಸಲ ಹಾಗೆ ಮಾಡಿ ನೋಡಿದ್ರು ಅಕ್ಕ!”

ಆದೇಶ ಪತ್ರ ಬರಲು ಒಂದು ತಿಂಗಳು ಹಿಡಿಯಿತು. ಬಂದ ಮೇಲೆ ಒಂದು ಮಧ್ಯಾಹ್ನ ನಾನು ಆ ಗ್ರಂಥಾಲಯಕ್ಕೆ ಹೋದೆ. ಎರಡು ಕೋಣೆಯ ಕಟ್ಟಡ, ನಾಲ್ಕು ಕಪಾಟು ಪುಸ್ತಕ, ಕಿಟಕಿಯ ಪಕ್ಕದಲ್ಲಿ ಆಕೆ ಹೇಳುತ್ತಿದ್ದ ಕುರ್ಚಿ. ಫ್ಯಾನ್ ಸದ್ದು ಮಾಡುತ್ತ ತಿರುಗುತ್ತಿತ್ತು. ಅವರ ಬೆರಳುಗಳಲ್ಲಿ ಪೊರೆ ಇರಲಿಲ್ಲ. ಸೀಳುಗಳಿದ್ದ ಜಾಗದಲ್ಲಿ ತೆಳ್ಳನೆಯ ಬಿಳಿ ಗೆರೆಗಳಷ್ಟೇ ಉಳಿದಿದ್ದವು. ಆದರೂ ಬಾಣವನ್ನು ಓಡಿಸುತ್ತಿದ್ದದ್ದು ಉಂಗುರದ ಬೆರಳೇ.

ಪುಸ್ತಕಗಳ ಪಟ್ಟಿಯನ್ನು ನೋಡಬೇಕೆಂದೆ. “ನೀವೇ ತೆಗೆದು ನೋಡಿ” ಎಂದು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು. ಬಸ್ಸಿನ ಧೂಳಿಗೆ ಆಗಷ್ಟೇ ಹೊರಗಿನ ನಳ್ಳಿಯಲ್ಲಿ ಕೈ ತೊಳೆದು ಬಂದಿದ್ದೆ. ಬೆರಳಿಟ್ಟೆ. ಬಾಣ ಹುಚ್ಚು ಹಿಡಿದಂತೆ ಮೂಲೆಯಿಂದ ಮೂಲೆಗೆ ಹಾರಿತು. ಒತ್ತಿದೆ. ನಿಂತೇಬಿಟ್ಟಿತು.

ಆಕೆ ಮೇಜಿನ ಖಾನೆಯಿಂದ ಕೈ ಒರೆಸುವ ಒಂದು ಬೈರಾಸು ತೆಗೆದು ನನ್ನ ಕೈಗಿತ್ತರು.

“ನೀರು ಒಳಗೆ ಇರ್ಬೇಕು ಅಕ್ಕ, ಹೊರಗೆ ಅಲ್ಲ. ಒರೆಸಿ ಇಡಿ. ಮತ್ತೆ, ಒತ್ಬೇಡಿ.”